ಪಿ.ಟಿ. ಮೇಷ್ಟ್ರ ತಲೆಸುತ್ತು

ನಿವೃತ್ತನಾದ ಮೂರನೆಯ ವರ್ಷ, ಕೊಪ್ಪದ ನಮ್ಮ ಮನೆಯಲ್ಲಿ ಒಂದು ಬೆಳಗ್ಗೆ, ಮೊಬೈಲಿನ ಅಲಾರಾಂ ನಿಲ್ಲಿಸಲು ಬಲಮಗ್ಗುಲಿಗೆ ಹೊರಳಿದೆ. ಕಿಟಕಿ ಜಾಗ ಬಿಟ್ಟು ಓಡಿತು. ಅದರ ಹಿಂದೆ ಬೀರು, ಬೀರುವಿನ ಹಿಂದೆ ಬಾಗಿಲು. ಕಣ್ಣು ಮುಚ್ಚಿದರೆ ಮಂಚವೇ ತಿರುಗಿತು. ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದು ಹೆಂಡತಿಯನ್ನು ಕೂಗಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಎಲ್ಲ ನಿಂತಿತು. ಆಮೇಲೆ ವಾಂತಿಯಾಯಿತು.

"ಪಿತ್ತ ಕೆದರಿದೆ ನಿಮ್ಗೆ" ಎಂದು ಅವಳು ಶುಂಠಿ ಕಷಾಯ ಕೊಟ್ಟಳು.

ಮೂರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿನ ಬೋರ್ಡು ಓದಲು ಕತ್ತೆತ್ತಿದೆ. ನೆಲ ಜಾರಿದಂತಾಗಿ ಎಡಕ್ಕೆ ವಾಲಿ, ಹೂ ಮಾರುವವಳ ಬುಟ್ಟಿಯ ಮೇಲೆ ಬೀಳುವುದರಲ್ಲಿದ್ದೆ. ಅವಳು ಬುಟ್ಟಿ ಎಳೆದುಕೊಂಡು ಪಕ್ಕದವಳಿಗೆ ಹೇಳಿದಳು: "ನೋಡೇ, ಬೆಳಗ್ಗೆ ಬೆಳಗ್ಗೆನೇ ಹಾಕ್ಕೊಂಡು ಬಂದಿದಾರೆ. ಕಂಡ್ರೆ ಮೇಷ್ಟ್ರ ಥರ ಇದಾರೆ."

ನಾನು ಕಂಬ ಹಿಡಿದು, ನೆಲ ಜಾರುವುದು ನಿಲ್ಲುವವರೆಗೆ ಕಾದೆ.

ಕೊಪ್ಪಕ್ಕೆ ವಾರಕ್ಕೊಮ್ಮೆ ಬರುವ ಕಿವಿಯ ಡಾಕ್ಟರಮ್ಮನ ಹತ್ತಿರ ಹೋದೆ. ಕೈಕಾಲು ಸೋತಿದೆಯೇ, ಮಾತು ತೊದಲಿದೆಯೇ, ಒಂದು ಎರಡಾಗಿ ಕಾಣಿಸಿತೇ ಎಂದೆಲ್ಲ ಕೇಳಿದರು. "ಅದರಲ್ಲಿ ಒಂದಿದ್ರೂ ನೀವು ನನಗೆ ಕಾಯದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತು" ಎಂದರು. ನನಗೆ ಅದೊಂದೂ ಇರಲಿಲ್ಲ. ಮೇಜಿನ ಮೇಲೆ ಕೂರಿಸಿ, ಮುಖ ಬಲಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿದರು. ಕೋಣೆ ಗಿರ್ರೆಂದಿತು. "ಕಣ್ಣು ಮುಚ್ಚಬೇಡಿ, ನಾನು ಹಿಡ್ಕೊಂಡಿದೀನಿ" ಎಂದರು. ಅದು ನಿಂತ ಮೇಲೆ ತಲೆಯನ್ನು ನಿಧಾನ ಎಡಕ್ಕೆ, ಆಮೇಲೆ ಮೈಯನ್ನೂ ಎಡಕ್ಕೆ ಹೊರಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಿದರು.

ಕಿವಿಯ ಒಳಗೆ ಸುಣ್ಣದ ಸಣ್ಣ ಹರಳುಗಳಿರುತ್ತವಂತೆ. ಅವು ಜಾಗ ತಪ್ಪಿ, ಸಮತೋಲ ಕಾಯುವ ಕೊಳವೆಗೆ ಇಳಿದರೆ ತಲೆ ಆಡಿಸಿದಾಗಲೆಲ್ಲ ಲೋಕ ಸುತ್ತುತ್ತದಂತೆ. ಈಗ ಮಾಡಿದ್ದು ಅವನ್ನು ಮರಳಿ ಸ್ವಸ್ಥಾನಕ್ಕೆ ಉರುಳಿಸುವ ಉಪಾಯ. ಹಾಸಿಗೆಯಿಂದ ಏಳುವಾಗ ಒಂದು ಗಳಿಗೆ ಅಂಚಿನಲ್ಲಿ ಕೂತು ಏಳಬೇಕು, ಪೂರ್ತಿ ಹೋಗುವವರೆಗೆ ಏಣಿ ಹತ್ತಬಾರದು, ಸ್ಕೂಟರ್ ಓಡಿಸಬಾರದು ಎಂದರು. ಮತ್ತೆ ಬರಲೂಬಹುದು, ಬಂದರೆ ಹೆದರುವುದು ಬೇಡ.

"ಎಷ್ಟೋ ಜನ ಇದಕ್ಕೆ ಬರೋದೇ ಇಲ್ಲ ಸಾರ್" ಎಂದು ನಕ್ಕರು. "ನೋಡೋರಿಗೆ ಕುಡಿದವರ ಥರ ಕಾಣುತ್ತೆ, ಅದಕ್ಕೆ ನಾಚಿಕೆ."

ನನಗೆ ನಗು ಬರಲಿಲ್ಲ. ನರಸಿಂಹರಾಜಪುರದ ಒಂದು ಹೈಸ್ಕೂಲಿನ ಮೈದಾನ ಕಣ್ಣೆದುರು ಬಂದಿತ್ತು.

ಅಲ್ಲಿ ಆಗ ನಾನು ಪ್ರಭಾರ ಮುಖ್ಯೋಪಾಧ್ಯಾಯ. ಸ್ವಾತಂತ್ರ್ಯ ದಿನ ಅತಿಥಿಗಳು ಎಳೆದಾಗ ಬಾವುಟದ ಗಂಟು ಬಿಚ್ಚಲಿಲ್ಲ. ಪಿ.ಟಿ. ಮೇಷ್ಟ್ರು ಹಗ್ಗ ತೆಗೆದುಕೊಂಡು, ಕತ್ತೆತ್ತಿ ಮೇಲೆ ನೋಡಿದರು. ಹಾಗೇ ತೂಗಾಡಿ ಕಂಬವನ್ನು ಅಪ್ಪಿಕೊಂಡುಬಿಟ್ಟರು. ಮಕ್ಕಳು ಗೊಳ್ಳೆಂದರು. ಅವರು ಗೋಡೆ ಹಿಡಿದು ನಡೆದುಹೋಗಿ ಸೈಕಲ್ ಸ್ಟ್ಯಾಂಡಿನ ಹಿಂದೆ ವಾಂತಿ ಮಾಡಿಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ಸ್ಟಾಫ್ ರೂಮಿಗೆ ಕರೆಸಿದೆ. ಮೂವರು ಶಿಕ್ಷಕರು ಅಲ್ಲೇ ಇದ್ದರು. "ಬಾಯಿ ತೆಗೀರಿ" ಎಂದೆ. ತೆಗೆದರು. ಹತ್ತಿರ ಬಗ್ಗಿ ಮೂಸಿದೆ. ಲವಂಗದ ವಾಸನೆ. "ಮುಚ್ಚೋಕೆ ಲವಂಗ ಬೇರೆ" ಎಂದೆ. ಅವರಿಗಲ್ಲ, ಆ ಮೂವರಿಗೆ. ಮೇಲಧಿಕಾರಿಗಳಿಗೆ ಏನೂ ಬರೆಯಲಿಲ್ಲ. ಅದನ್ನು ದೊಡ್ಡ ಉಪಕಾರವೆಂದುಕೊಂಡಿದ್ದೆ. ಮುಂದಿನ ಬೇಸಿಗೆಯಲ್ಲಿ ಅವರು ತಾವಾಗಿ ಕೇಳಿಕೊಂಡು ಕೆರೆಕಟ್ಟೆ ಕಡೆಗೆ ವರ್ಗ ಮಾಡಿಸಿಕೊಂಡರು.

ಡಾಕ್ಟರಮ್ಮನಲ್ಲಿಗೆ ಹೋಗಿ ಬಂದ ಮೇಲೆ ತಲೆಸುತ್ತು ಕಡಿಮೆಯಾಯಿತು. ಆದರೆ ಊಟಕ್ಕೆ ಕೂತರೆ, ಕನ್ನಡಿಯೆದುರು ನಿಂತರೆ, ಆ ತೆರೆದ ಬಾಯಿ ಎದುರಿಗೆ ಬರುತ್ತಿತ್ತು. ಮೇಲಿನ ಸಾಲಿನ ಒಂದು ಹಲ್ಲಿನ ತುದಿ ಮುರಿದಿತ್ತು. ಇಷ್ಟು ವರ್ಷ ಅದು ನನಗೆ ನೆನಪೇ ಇರಲಿಲ್ಲ.

ವಿಚಾರಿಸಿದಾಗ, ಅವರೂ ನಿವೃತ್ತರಾಗಿ ಹಿರೇಕೊಡಿಗೆಯಲ್ಲಿದ್ದಾರೆಂದು ತಿಳಿಯಿತು. ಹೋದೆ. ಅಂಗಳದಲ್ಲಿ ಟಾರ್ಪಾಲಿನ ಮೇಲೆ ಮೆಣಸು ಹರವುತ್ತಿದ್ದರು.

"ಎಂತ ಸಾರ್, ನೀವು ಇಲ್ಲಿ?" ಎಂದು ಕೈ ಒರೆಸಿಕೊಂಡು ಕುರ್ಚಿ ತಂದಿಟ್ಟರು.

ನನಗಾದದ್ದನ್ನು ಹೇಳಿ, "ಆ ದಿನ ನಿಮಗೂ ಇದೇ ಆಗಿತ್ತಾ?" ಎಂದು ಕೇಳಿದೆ.

"ಹೂಂ. ಅದಕ್ಕೆ ಮುಂಚೆನೂ ಎರಡು ಸಲ ಆಗಿತ್ತು. ಹೊಟ್ಟೆ ತೊಳೆಸುತ್ತೆ ಅಂತ ಲವಂಗ ಇಟ್ಕೊಂಡಿರ್ತಿದ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೇ ಬಂದಿದ್ದೆ ಸಾರ್. ಬಾಯಿ ತೆಗೀರಿ ಅಂದ್ರಿ. ತೆಗೆದ್ರೆ ಮೂಸಿದ್ರಿ."

ಅವರು ಮೆಣಸಿನ ಕಡೆ ನೋಡುತ್ತ ಮುಂದುವರಿಸಿದರು. "ಮಗಳು ಅದೇ ಶಾಲೇಲಿ ಎಂಟನೇ ಕ್ಲಾಸಿನಲ್ಲಿದ್ಲಲ್ಲ. ಆಮೇಲೆ ಒಂದು ವರ್ಷ, ನಾನು ಸಂಜೆ ಮನೆಗೆ ಬಂದ ಕೂಡ್ಲೆ ಏನಾದ್ರೂ ನೆಪ ಮಾಡಿ ಹತ್ತಿರ ಬರೋಳು. ಮೂಸಿ ನೋಡೋಕೆ. ನಂಗೆ ಗೊತ್ತಾಗ್ತಿತ್ತು. ಸುಮ್ನೆ ನಿಂತ್ಕೋತಿದ್ದೆ."

"ತಪ್ಪಾಯ್ತು. ಅವಳ ನಂಬರು ಕೊಡಿ, ನಾನೇ ಹೇಳ್ತೀನಿ."

"ಬೇಡ. ಈಗ ಅವಳಿಗೂ ಮಗು ಇದೆ. ಅದನ್ನೆಲ್ಲ ಮತ್ತೆ ಕೆದಕೋದು ಬೇಡ." ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಮತ್ತೆ ಮೆಣಸು ಹರವುತ್ತ ಕೇಳಿದರು: "ನಿಮಗೆ ಯಾವ ಕಡೆ ಹೊರಳಿದ್ರೆ ಬರುತ್ತೆ?"

"ಬಲಗಡೆ."

"ನಂಗೆ ಎಡ. ಈಗ್ಲೂ ವರ್ಷಕ್ಕೊಂದು ಸಲ ಬರುತ್ತೆ. ಬಂದಾಗ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತೀನಿ."

ಸ್ವಲ್ಪ ದಿನ ಬಿಟ್ಟು ಅವರೇ ಫೋನ್ ಮಾಡಿದರು: "ಶುರುವಾಗಿದೆ ಸಾರ್." ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಹಿಂದಕ್ಕೆ ಮಲಗಿಸಿದಾಗ ಅವರ ಕಣ್ಣುಗುಡ್ಡೆಗಳು ಅದುರಿದವು. ಬಾಯಿ ತಾನಾಗಿ ತೆರೆದುಕೊಂಡಿತು. ಆ ಮುರಿದ ಹಲ್ಲು ಕಾಣಿಸಿತು. ನಾನು ಮುಖ ತಿರುಗಿಸಬೇಕೆಂದುಕೊಂಡೆ, ಆಗಲಿಲ್ಲ. ಅವರು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು. ಎಬ್ಬಿಸಿ ಕೂರಿಸಿದ ಮೇಲೆ ಕೈ ಬಿಟ್ಟರು.

ಅಂದು ಸಂಜೆ, ಸ್ಟಾಫ್ ರೂಮಿನಲ್ಲಿದ್ದ ಆ ಮೂವರಿಗೆ ನಿಜ ತಿಳಿಸಲು ಹೊರಟೆ. ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು "ಛೇ, ಪಾಪ" ಎಂದು ಮಾತು ಬದಲಿಸಿದರು. ಮೂರನೆಯವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು ಅವರು ಅಂದರು: "ನಂಗೆ ನೆನಪೇ ಇಲ್ವಲ್ಲ ಮಾರಾಯ್ರೆ. ಯಾವ ಪಿ.ಟಿ. ಮೇಷ್ಟ್ರು?"