ತಂತಿ ಜೋಡಿಸುವ ಖಾಜಾಬಿ

“ಇದು ಹಸರೋ, ನೀಲಿಯೋ?”

ಯಾರನ್ನೂ ಕೇಳಿದ್ದಲ್ಲ. ನಸುಕಿನ ನಮಾಜು ಮುಗಿಸಿ ಗಜೇಂದ್ರಗಡದ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತ ಜಂಗ್ಲಿಸಾಬರು ತಂತಿಯೊಂದನ್ನು ಬೆಳಕಿಗೆ ಹಿಡಿದಿದ್ದಾರೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲ್ಲಿನೊಳಗೆ ಎಂಟು ಬಣ್ಣದ ಎಳೆಗಳಿರುತ್ತವೆ. ಎರಡೂ ತುದಿಯಲ್ಲಿ ಅವು ಒಂದೇ ಕ್ರಮದಲ್ಲಿ ಕೂರಬೇಕು. ಪತ್ನಿ ಖಾಜಾಬಿ ತಂತಿಯನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಎಳೆಗಳನ್ನು ತೀಡಿ, ಸಾಲು ಹಿಡಿಸಿ, ತುದಿಗೆ ಪ್ಲಾಸ್ಟಿಕ್ ಕನೆಕ್ಟರ್ ಸಿಕ್ಕಿಸಿ ಇಕ್ಕಳದಿಂದ ಒತ್ತುತ್ತಾರೆ. ನೇಕಾರರ ಮಗಳು, ಬಣ್ಣದ ನೂಲು ಬೇರ್ಪಡಿಸುತ್ತಲೇ ಬೆಳೆದ ಕೈ.

ರೋಣ, ನರಗುಂದ, ಗಜೇಂದ್ರಗಡದ ಸೈಬರ್ ಕೆಫೆಗಳಿಗೆ ಮೊದಮೊದಲು ಕೇಬಲ್ ಎಳೆದವರಲ್ಲಿ ಜಂಗ್ಲಿಸಾಬರೂ ಒಬ್ಬರು. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ಹೋದ ವರ್ಷ ನರಗುಂದದ ಅಂಗಡಿಯೊಂದರಲ್ಲಿ, ಕಂಪ್ಯೂಟರುಗಳ ನಡುವೆ ಮಾತು ಹಂಚುವ ಸ್ವಿಚ್ ಪೆಟ್ಟಿಗೆಯೇ ಕೆಟ್ಟಿದೆಯೆಂದು ಹಟ ಹಿಡಿದರು. ಅಂಗಡಿಯವರು ಹೊಸದು ತಂದರು. ಅದರ ದೀಪವೂ ಹತ್ತಲಿಲ್ಲ. ತಂತಿಯ ತುದಿ ಕತ್ತರಿಸಿ ನೋಡಿದರೆ ಎಳೆಗಳನ್ನು ಅದಲುಬದಲು ಮಾಡಿದ್ದು ಜಂಗ್ಲಿಸಾಬರ ಕೈಯೇ. ಆ ಸಂಜೆ ಉಣ್ಣದೆ ಮಲಗಿದವರು ಮರುದಿನ ಹೆಂಡತಿಯನ್ನು ಕೆಲಸಕ್ಕೆ ಜೊತೆಗೆ ಕರೆದೊಯ್ದರು. ಅಂದಿನಿಂದ ಹೇಳಿಕೊಡುವ ಬಾಯಿ ಅವರದು, ಮಾಡುವ ಕೈ ಖಾಜಾಬಿಯದು.

ಕೆಲಸದ ಮಾತುಗಳನ್ನೆಲ್ಲ ಅವರು ಬಸ್ಸಿನಲ್ಲಿ ಪಕ್ಕ ಕೂತು ಕಲಿಸಿದ್ದು. “ಒಂದ ಮನಿಯೊಳಗಿನ ಕಂಪ್ಯೂಟರ್ ತಮ್ಮತಮ್ಮೊಳಗ ಮಾತಾಡಿದ್ರ ಅದು ಲ್ಯಾನ್‍ರಿ,” ಎನ್ನುತ್ತಾರೆ ಖಾಜಾಬಿ. “ಯಾರ ಮಾತು ಯಾರಿಗಂತ ನೋಡಿ ಮುಟ್ಟಸೂದು ಸ್ವಿಚ್. ಮಾತು ಊರ ದಾಟಬೇಕಂದ್ರ ದಾರಿ ತೋರಸೂದು ರೂಟರ್. ಮನಿಗೊಂದ ನಂಬರ್ ಇದ್ಹಂಗ ಐಪಿ ವಿಳಾಸ.” ಪಿಂಗ್ ಎಂದರೆ? ಓರೆಗಣ್ಣಿನಿಂದ ಗಂಡನನ್ನು ನೋಡುತ್ತಾರೆ. “ಅಲ್ಲಿ ಅದೀಯೇನ ಅಂತ ಕೂಗೂದ್ರಿ. ಕಂಪ್ಯೂಟರ್ ಲಗೂನ ಓ ಅಂತೈತಿ. ಇವರು ಅನ್ನೂದಿಲ್ಲ.”

ನಿನ್ನೆ, ಬಸ್‌ಸ್ಟ್ಯಾಂಡ್ ಬಳಿ ಕಂಪ್ಯೂಟರ್ ತರಬೇತಿ ನಡೆಸುವ ಅಂದಾನಪ್ಪನವರು ಬಂದು ಹೊಸ ಲ್ಯಾಬಿನ ಪೂರ್ತಿ ಕೆಲಸ ಖಾಜಾಬಿಗೆ ಒಪ್ಪಿಸಿದರು. ಹೋಗುವಾಗ ಅಂಗಳದಲ್ಲಿ ದನಿ ತಗ್ಗಿಸಿ, ಸಾಹೇಬರನ್ನು ಮನೆಯಲ್ಲೇ ಬಿಟ್ಟು ಬರಲು ಹೇಳಿದರು. ಕಣ್ಣು ಕಾಣದವರು ಏಣಿಯ ಕೆಳಗೆ ತಡವರಿಸಿದರೆ ನೋಡಿದವರು ಏನಂದಾರು ಎಂದರು. ಮಾತು ಒಳಗಿದ್ದ ಜಂಗ್ಲಿಸಾಬರಿಗೂ ಕೇಳಿಸಿತು. ಹೀಗೆ ಜೊತೆಯಲ್ಲಿ ಹೋಗುವುದೂ ತಪ್ಪಿದರೆ ಈ ಮನುಷ್ಯನಿಗೆ ಇನ್ನೇನು ಉಳಿಯಿತು ಎಂದು ಖಾಜಾಬಿಗೆ ರಾತ್ರಿಯಿಡೀ ನಿದ್ದೆಯಿಲ್ಲ.

ಬಿಸಿಲೇರುತ್ತಿದೆ. ಕೇಬಲ್ಲಿನ ಸುರುಳಿ ಚೀಲ ಸೇರಿದೆ. ಖಾಜಾಬಿ ಗಂಡನ ಚಪ್ಪಲಿಗಳನ್ನು ತಂದು ಕಾಲ ಬಳಿ ಇಡುತ್ತಾರೆ.

“ಏಳ್ರಿ, ಹೊತ್ತಾತು. ಅವರ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ. ನೀವಿಲ್ಲಂದ್ರ ನನಗ ಕೆಲಸ ತಿಳಿಯೂದಿಲ್ಲ.”

“ನಿನಗ ಎಲ್ಲಾ ತಿಳಿತೈತಿ. ನಾನ ಕಲಿಸೇನಿ.”

ಕಾಲಿನಿಂದ ತಡವಿ, ಚಪ್ಪಲಿಗಳನ್ನು ಕಟ್ಟೆಯ ಕೆಳಗೆ ಸರಿಸುತ್ತಾರೆ.

“ನಾ ಬರೂದಿಲ್ಲ, ಖಾಜಾಬಿ.”