ಅಂಗೈ ಕೆಳಗಿನ ಅಂಗೈ

ಬೆಳಗಿನ ಪೂಜೆಯಲ್ಲಿ ಎಡ ಅಂಗೈಯ ಮೇಲಿಟ್ಟ ಇಷ್ಟಲಿಂಗ ಅಲುಗಿತು.

ನಮ್ಮೂರು ಹಿರೋಳ್ಳಿಯ ಚಳಿ ಎಂದುಕೊಂಡೆ. ಬೇಸಿಗೆ ಬಂದಿತು. ನಡುಕ ಹೋಗಲಿಲ್ಲ. ದೀಕ್ಷೆಯಾದಂದಿನಿಂದ ಆ ಅಂಗೈಯೇ ನನ್ನ ಗುಡಿ; ಅದು ಲಿಂಗವನ್ನು ಹೊರಲಾರದ ದಿನ ಬಂದರೆ ನನಗೆ ಉಳಿಯುವುದೇನು ಎಂಬ ಭಯವನ್ನು ಹೆಂಡತಿ ಶಾಂತಮ್ಮನಿಂದಲೂ ಮರೆಮಾಡಿ, ಪೂಜೆಗೆ ಕೂರುವಾಗ ಬಾಗಿಲಿಗೆ ಚಿಲಕ ಹಾಕತೊಡಗಿದೆ.

ಅಷ್ಟರಲ್ಲಿ ವೃದ್ಧಾಪ್ಯದ ಅಧ್ಯಯನವೆಂದು ವಿಶ್ವವಿದ್ಯಾಲಯದಿಂದ ಇಬ್ಬರು ಮನೆಗೆ ಬಂದರು: ಒಬ್ಬ ತರುಣ ಡಾಕ್ಟರ್, ಒಬ್ಬರು ಸಮಾಜಶಾಸ್ತ್ರದ ಅಧ್ಯಾಪಕಿ. ಮುದುಕರನ್ನು ಕೆಲಸಕ್ಕೆ ಬಾರದವರೆಂದು ಬರೆದುಕೊಂಡು ಹೋಗಲು ಎರಡೆರಡು ಶಾಸ್ತ್ರಗಳು ಬೇಕೆ ಎಂದು ನನಗೆ ಗುಮಾನಿ. ಡಾಕ್ಟರ್ ಕೇಳದೆಯೇ ನನ್ನ ಕುರ್ಚಿಯಲ್ಲಿ ಕುಳಿತ. ಕಿವುಡನೊಂದಿಗೆ ಮಾತನಾಡುವಂತೆ ಕೂಗಿದ. ಕೆಲವು ಪದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ನಂತರ ಕೇಳಿದ:

“ಅಜ್ಜಾರ, ಏನೇನು ನೆನಪದ?”

ಪದಗಳನ್ನೆಲ್ಲ ಅದೇ ಅನುಕ್ರಮದಲ್ಲಿ ಒಪ್ಪಿಸಿ, ಕೊನೆಗೆ ಸೇರಿಸಿದೆ: “ನೀವು ಕೇಳಲಾರ್ದೇ ನನ್ನ ಕುರ್ಚಿ ಮ್ಯಾಲ ಕುಂತಿದ್ದೂ ನೆನಪದರಿ.”

ಬಳಿಕ ಹಿಡಿತ ಅಳೆಯುವ ಯಂತ್ರ ಕೊಟ್ಟ. ಬಿಗಿದ ಮುಷ್ಟಿ ನಡುಗಲಿಲ್ಲ. “ಗ್ರಿಪ್ ನಾರ್ಮಲ್” ಎಂದ.

ಗೆದ್ದೆ.

ಅಧ್ಯಾಪಕಿ ಮಾತ್ರ ಅಡುಗೆಮನೆಯಲ್ಲಿ ಶಾಂತಮ್ಮನಿಂದ ನಮ್ಮ ದಿನಚರಿ ಕೇಳುತ್ತ ಕುಳಿತಿದ್ದರು. ಚಾಡಿ ಸಂಗ್ರಹಿಸುತ್ತಿದ್ದಾರೆಂದು ಶಂಕಿಸಿದೆ. ಶಂಕೆ ಸುಳ್ಳಾಗಲಿಲ್ಲ.

“ಮೊದಲ ಇಬ್ಬರೂ ಕೂಡೇ ಪೂಜಾಕ್ಕ ಕೂಡ್ತಿದ್ವಿರಿ,” ಎನ್ನುತ್ತಿದ್ದಳು ಶಾಂತಮ್ಮ. “ಈಗ ಬಾಗಲಾ ಹಾಕ್ಕೋತಾರ. ಶಿವನ ಕೂಡ ಅದೇನು ಗುಟ್ಟು ಮಾತಾಡ್ತಾರೋ, ನನಗ ಕೇಳಸಬಾರ್ದಂತ!”

ಅಧ್ಯಾಪಕಿ ಹೊರಗೆ ಬಂದರು. “ಸರ್, ಪೂಜಾದಾಗ ಕೈ ಹ್ಯಾಂಗ ಹಿಡೀತೀರಿ? ಒಮ್ಮೆ ತೋರಸ್ರಿ.”

ಬರಿಯ ಅಂಗೈಯನ್ನು ಚಾಚಿದೆ. ತುಸು ಹೊತ್ತು ನಿಶ್ಚಲವಾಗಿತ್ತು.

ನಡುಗಿತು.

ಡಾಕ್ಟರ್ ಕುರ್ಚಿಯಿಂದ ಎದ್ದ. ಅಂದು ಮೊದಲ ಬಾರಿಗೆ ದನಿ ತಗ್ಗಿಸಿ, ನರರೋಗದ ತಜ್ಞರಿಗೆ ತೋರಿಸಬೇಕೆಂದ.

ಕಲಬುರಗಿಯ ನ್ಯೂರಾಲಜಿಸ್ಟ್ ‘ಪಾರ್ಕಿನ್ಸನ್ಸ್’ ಎಂದರು. ಪೂರ್ಣ ಗುಣವಾಗುವುದಿಲ್ಲ, ಮಾತ್ರೆಗಳಿಂದ ಹತೋಟಿಯಲ್ಲಿಡಬಹುದು. ನುಂಗುತ್ತಿದ್ದೇನೆ. ನಡುಕ ತಗ್ಗಿದೆ, ಹೋಗಿಲ್ಲ. ಆ ಇಬ್ಬರ ಪ್ರಬಂಧದಲ್ಲಿ ನನ್ನನ್ನು ಏನೆಂದು ಬರೆಯುವರೋ ಎಂಬ ಸಂಶಯವೂ ಹೋಗಿಲ್ಲ. ಆದರೆ ಒಂದು ಶಾಸ್ತ್ರ ನನ್ನ ಮುಷ್ಟಿಯನ್ನು ನೋಡಿ ತೃಪ್ತಿಪಟ್ಟಾಗ, ಇನ್ನೊಂದು ನನ್ನ ಬಾಗಿಲಿನ ಚಿಲಕವನ್ನು ಗಮನಿಸಿತೆಂಬುದನ್ನು ಒಪ್ಪಲೇಬೇಕು.

ಈಗ ಚಿಲಕ ಹಾಕುವುದಿಲ್ಲ. ಕೈ ಅಲುಗಿದ ದಿನ ಶಾಂತಮ್ಮ ತನ್ನ ಅಂಗೈಯನ್ನು ನನ್ನದರ ಕೆಳಗೆ ಇಡುತ್ತಾಳೆ. ಮೊದಲ ಸಲ ನಾನು ಕೈ ಹಿಂತೆಗೆದಿದ್ದೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು.

“ನಿಮ್ಮ ಲಿಂಗ ಯಾರು ಮುಟ್ಟ್ಯಾರ?” ಎಂದು ಗದರಿದಳು. “ನಾ ಹಿಡದಿದ್ದು ಗಂಡನ ಕೈ. ಸುಮ್ಮ ಕೂಡ್ರಿ.”

ಸುಮ್ಮನೆ ಕುಳಿತೆ.