ಅರ್ಧಗಡ್ಡನಿಗೆ ಬರಬೇಕಾಗಿದ್ದ ಹುಚ್ಚು

ಅರ್ಧಗಡ್ಡನಿಗೆ ಗಡ್ಡವೇ ಇರಲಿಲ್ಲ. ಆ ಹೆಸರು ಅವನ ಅಪ್ಪನ ಗಳಿಕೆ. ಅಪ್ಪನೂ ಕ್ಷೌರಿಕನೇ. ಒಂದು ಬೆಳಿಗ್ಗೆ ಗಿರಾಕಿಯ ಎಡಗೆನ್ನೆಯನ್ನು ನುಣ್ಣಗೆ ಬೋಳಿಸಿ, ಕತ್ತಿ ಮಡಿಸಿಟ್ಟು, "ಇನ್ನರ್ಧಕ್ಕೆ ನಾಳೆ ಬಾ" ಎಂದ. ಗಿರಾಕಿ ನಕ್ಕ, ಅಪ್ಪ ನಗಲಿಲ್ಲ. ಸಂಜೆಯ ಹೊತ್ತಿಗೆ ಬೀದಿ ತುಂಬ ಅರ್ಧ ಗಡ್ಡದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಓಡಾಡುವಂತಾಯಿತು. ಅವನನ್ನು ಆಸ್ಪತ್ರೆಗೆ ಸೇರಿಸಿದರು. ಅವನಿಗೂ ಮೊದಲು ಅಜ್ಜ ಇದ್ದ. ಪಾರ್ಕಿನ ಬೇಲಿಗಿಡಗಳಿಗೆ ಟವೆಲ್ ಹೊದಿಸಿ ಕಟಿಂಗ್ ಮಾಡುತ್ತ, ಗಾಳಿ ಬೀಸಿದಾಗಲೆಲ್ಲ "ತಲೆ ಅಲ್ಲಾಡಿಸಬೇಡ" ಎಂದು ಅವುಗಳನ್ನು ಗದರಿಸುತ್ತಿದ್ದ ಮಹಾನುಭಾವ.

ಹೀಗಾಗಿ ನಮ್ಮ ಅರ್ಧಗಡ್ಡನಿಗೆ ಅಂಗಡಿ ಬಂತು, ತಿರುಗುವ ಕುರ್ಚಿ ಬಂತು, ಅಡ್ಡಹೆಸರೂ ಬಂತು. ಬರಬೇಕಾದ್ದೊಂದು ಮಾತ್ರ ಬರದೆ ಸತಾಯಿಸುತ್ತಿತ್ತು.

ಅದು ಬಂದೇ ಬರುತ್ತದೆ ಎನ್ನುವುದರಲ್ಲಿ ಅವನ ಅಕ್ಕನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಯಾವುದೋ ವಾರಪತ್ರಿಕೆಯಲ್ಲಿ ಜೀನ್ ಎಂಬ ಪದ ಓದಿದ ಮೇಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ. ಅದೇ ರಕ್ತ ನಿನ್ನಲ್ಲೂ ಇದೆಯಲ್ಲ ಎಂದು ಗಂಡ ಒಮ್ಮೆ ಬಾಯಿ ತಪ್ಪಿ ಕೇಳಿದ. "ನನಗ್ಯಾಕೆ ಬರುತ್ತೆ? ಅಂಗಡಿ ಯಾರಿಗೆ ಬಂತೋ ಅದೂ ಅವರಿಗೇ" ಎಂದು ಅವನ ಬಾಯಿ ಮುಚ್ಚಿಸಿದಳು. ಅವಳ ಮಟ್ಟಿಗೆ ಹುಚ್ಚು ಕೂಡ ಪಿತ್ರಾರ್ಜಿತ ಆಸ್ತಿ. ಹೆಣ್ಣುಮಗಳಾದ ತಾನು ತನ್ನ ಪಾಲನ್ನು ಸಂತೋಷದಿಂದ ತಮ್ಮನಿಗೇ ಬಿಟ್ಟುಕೊಟ್ಟಿದ್ದಳು.

ದಿನಾ ಬೆಳಿಗ್ಗೆ ಅವಳ ಫೋನು ತಪ್ಪುತ್ತಿರಲಿಲ್ಲ. "ಹದಿನೇಳೆಂಟ್ಲ ಎಷ್ಟೋ?" ಥಟ್ಟನೆ ಹೇಳಿದರೆ "ಯಾಕೋ ತಲೆ ಜೋರಾಗಿ ಓಡ್ತಿದೆ" ಎಂದು ಕಳವಳಪಡುತ್ತಿದ್ದಳು. ತಡವಾದರೆ ಅದಕ್ಕೂ ಕಳವಳ. ಒಮ್ಮೆ ಅವನು ಅಂಗಡಿ ಗುಡಿಸುತ್ತ ಸಿಳ್ಳೆ ಹಾಕಿದ್ದಕ್ಕೆ ಅಕ್ಕ ಭಾವ ಇಬ್ಬರೂ ಆಟೋ ಮಾಡಿಕೊಂಡು ಬಂದಿದ್ದರು. ಗಿರಾಕಿಗಳೂ ಕಡಿಮೆಯಲ್ಲ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವರು ಕನ್ನಡಿಯಲ್ಲಿ ತಮ್ಮ ಮುಖ ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು. ಪಾಪ, ಅವನು ಜೋರಾಗಿ ನಗುವುದನ್ನು ಬಿಟ್ಟ, ದನಿ ಏರಿಸುವುದನ್ನಂತೂ ಮರೆತೇಬಿಟ್ಟ.

ಇಷ್ಟೆಲ್ಲ ಕಾವಲಿನ ಭಾರ ಬಿದ್ದದ್ದು ಹೆಂಡತಿಯ ತಲೆ ಮೇಲೆ. ಮದುವೆಯಾದ ಹೊಸದರಲ್ಲೇ ಅತ್ತೆ ಹೇಳಿದ್ದರು: "ನೀನು ಹೊರಗಿನವಳು, ನಿನ್ನ ತಲೆ ಗಟ್ಟಿ. ಇವನ ಮೇಲೆ ಒಂದು ಕಣ್ಣಿಟ್ಟಿರಮ್ಮ." ಅವಳು ಎರಡೂ ಕಣ್ಣಿಟ್ಟಳು. ಅವನು ಮಗ್ಗುಲು ಬದಲಿಸಿದರೆ ಎದ್ದು ಕೂರುತ್ತಿದ್ದಳು. ಅವನು ಉಂಡ ತುತ್ತಿನಿಂದ ಹಿಡಿದು ನಿಟ್ಟುಸಿರಿನವರೆಗೆ ಎಲ್ಲದರ ವರದಿ ಅತ್ತಿಗೆಗೆ, ಅಂದರೆ ಅವನ ಅಕ್ಕನಿಗೆ, ಹೋಗುತ್ತಿತ್ತು. ಅತ್ತೆ ತೀರಿಕೊಂಡ ಮೇಲೂ ಕಾವಲು ನಿಲ್ಲಲಿಲ್ಲ.

ಈ ವರ್ಷ ಅವಳು ಊಟ ಬಿಟ್ಟಳು. ಅಂಗಡಿಯ ಟವೆಲ್‌ಗಳನ್ನು ಒಗೆದು, ಒಣಗಿದ ಮೇಲೆ ಮಡಿಸದೆ ಮತ್ತೆ ನೆನೆಹಾಕುತ್ತಿದ್ದಳು. ಬಕೆಟ್ ಮುಂದೆ ಕೂತರೆ ನೀರು ತಣ್ಣಗಾದರೂ ಏಳುತ್ತಿರಲಿಲ್ಲ.

"ಏನಾಯ್ತೇ?" ಎಂದು ಅವನು ಕೇಳಿದ.

"ಏನೂ ಇಲ್ಲ ರೀ. ನನ್ನೊಳಗೆ ಯಾರೂ ಇಲ್ಲ ಅನ್ಸುತ್ತೆ, ಅಷ್ಟೇ."

ಇಷ್ಟು ವರ್ಷ ತನ್ನ ತಲೆಗೆ ಹೆದರಿದ್ದವನಿಗೆ ಅದಕ್ಕಿಂತ ದೊಡ್ಡ ಹೆದರಿಕೆಯೊಂದಿದೆಯೆಂದು ಆಗ ಗೊತ್ತಾಯಿತು. ಇವಳು ಹೀಗೇ ಕರಗಿಹೋದರೆ ತಾನು ಯಾರಿಗಾಗಿ ನೆಟ್ಟಗಿರಬೇಕು? ಓಡಿಹೋಗಿ ಅಕ್ಕನಿಗೆ ಹೇಳಿದ. ಅಕ್ಕ ಹೌಹಾರಿದಳು.

"ಅವಳು ಹೀಗಾಗಿದಾಳೆ ಅಂದ್ರೆ ನಿನಗೆ ಶುರುವಾಗಿದೆ ಅಂತಲೇ ಅರ್ಥ ಕಣೋ!"

ಅವನನ್ನೇ ಡಾಕ್ಟರ ಬಳಿಗೆ ಎಳೆದುಕೊಂಡು ಹೋದರು. ಡಾಕ್ಟರಮ್ಮ ಅವನನ್ನು ಕೂರಿಸಿ, ಕೇಳಬೇಕಾದ್ದನ್ನೆಲ್ಲ ಕೇಳಿ, ಏನೂ ಆಗಿಲ್ಲವೆಂದರು. ಆಮೇಲೆ ಮೂಲೆಯ ಕುರ್ಚಿಯಲ್ಲಿ ಸೆರಗು ಹಿಂಡುತ್ತ ಕೂತಿದ್ದ ಹೆಂಡತಿಯ ಕಡೆ ಕಣ್ಣು ಹಾಯಿಸಿ, ಉಳಿದವರನ್ನು ಹೊರಗೆ ಕಳಿಸಿದರು. ಮತ್ತೆ ಕರೆದಾಗ ಹೇಳಿದರು:

"ಕಾಯಿಲೆ ಇವರಿಗೆ, ಖಿನ್ನತೆ. ವಾಸಿ ಮಾಡ್ಬಹುದು. ಮಾತ್ರೆ ತಪ್ಪಿಸ್ಬೇಡಿ, ನಿದ್ದೆ ಕೆಡಿಸ್ಬೇಡಿ. ಹೀಗೇ ಬಿಟ್ರೆ ಕೈ ಮೀರುತ್ತೆ."

"ಅದು ಹೇಗೆ ಡಾಕ್ಟ್ರೇ?" ಅಕ್ಕನಿಗೆ ಸಿಟ್ಟೇ ಬಂತು. "ಅವಳ ಕಡೆ ಯಾರಿಗೂ ಒಂದು ತಲೆನೋವೂ ಬಂದಿದ್ದಿಲ್ಲ."

"ವಂಶದಲ್ಲಿದ್ರೆ ಬರೋ ಸಾಧ್ಯತೆ ಸ್ವಲ್ಪ ಜಾಸ್ತಿ, ಅಷ್ಟೇ. ಎಲ್ಲರಿಗೂ ಬಂದೇ ಬರುತ್ತೆ ಅಂತಿಲ್ಲ. ವಂಶದಲ್ಲಿ ಇಲ್ಲದವ್ರಿಗೆ ಬರಲ್ಲ ಅಂತಲೂ ಇಲ್ಲ. ಇಷ್ಟು ವರ್ಷ ಕಣ್ಣು ಮುಚ್ಚದೆ ಕಾವಲು ಕಾದ್ರೆ ಯಾರ ಮನಸ್ಸು ತಾನೇ ತಡೆಯುತ್ತೆ?"

ಅಕ್ಕ ಇದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು. ಮನೆಗೆ ಬಂದವಳೇ ಮಾತ್ರೆಯ ಪೊಟ್ಟಣವನ್ನು ಎದೆಗವಚಿಕೊಂಡು ತೀರ್ಪು ಕೊಟ್ಟಳು: "ಇವನಿಗೆ ಬರಬೇಕಾಗಿದ್ದು ಅಡ್ರೆಸ್ ತಪ್ಪಿ ಅವಳಿಗೆ ಬಂದಿದೆ. ಮಾತ್ರೆ ಇವನು ನುಂಗಿದ್ರೆ ಇಬ್ರಿಗೂ ವಾಸಿಯಾಗುತ್ತೆ."

ಭಾವ ಗಂಟಲು ಸರಿಮಾಡಿಕೊಂಡ. "ಡಾಕ್ಟ್ರ ಮಾತೂ ತೆಗೆದುಹಾಕೋ ಹಾಗಿಲ್ಲ. ಆಳಿಗೆ ಅರ್ಧರ್ಧ ಮಾಡೋಣ."

ಹೆಂಡತಿ ಒಳಗಿನಿಂದ ನೀರು ತಂದಳು. ಅತ್ತಿಗೆಯ ಕೈಯಿಂದ ಪೊಟ್ಟಣ ಇಸಿದುಕೊಂಡು, ಒಂದು ಮಾತ್ರೆ ಬಿಡಿಸಿ, ಗಂಡನ ಮುಂದೆ ಹಿಡಿದಳು.

"ನೀವೇ ತಗೊಳ್ಳಿ. ನೀವು ಚೆನ್ನಾಗಿದ್ರೆ ಸಾಕು. ನನಗೇನೂ ಬೇಡ."

ಅವನು ಮಾತ್ರೆಯನ್ನು ನೋಡಿದ, ಅವಳ ಮುಖ ನೋಡಿದ. ಆಮೇಲೆ ಗೋಡೆಯ ಸುಣ್ಣ ಉದುರುವಂತೆ ಕಿರುಚಿದ:

"ಅದು ಅವಳ ಮಾತ್ರೆ! ಪೂರ್ತಿ ಅವಳದ್ದೇ! ಇನ್ನು ಯಾರಾದ್ರೂ ಮುಟ್ಟಿದ್ರೆ ನೋಡಿ!"

"ಬಂತು!" ಅಕ್ಕ ಗೋಡೆಗೊರಗಿದಳು. ಅವಳ ಮುಖದಲ್ಲಿ ಹೆದರಿಕೆಗಿಂತ ನೆಮ್ಮದಿಯೇ ಹೆಚ್ಚಿತ್ತು. "ರೀ, ಬಂತು ನೋಡ್ರೀ!"

ಇಲ್ಲವೆನ್ನಲು ಅರ್ಧಗಡ್ಡ ಬಾಯಿ ತೆರೆದ. ಹೆಂಡತಿಯ ಕಡೆ ನೋಡಿ ಆ ಮಾತನ್ನು ನುಂಗಿಕೊಂಡ.

"ಹೂಂ ಅಕ್ಕ, ಬಂತು. ಇನ್ನು ಕಾಯೋಕೇನೂ ಉಳಿದಿಲ್ಲ. ನೀವಿಬ್ರೂ ಮನೆಗೆ ಹೋಗಿ."

ಅವರು ಆಟೋ ಹುಡುಕಿಕೊಂಡು, ಆಸ್ಪತ್ರೆಯ ಮಾತಾಡುತ್ತ ಓಡಿದರು. ಅವನು ಬಾಗಿಲಿಗೆ ಚಿಲಕ ಹಾಕಿ, ಅವಳ ಕೈಯಲ್ಲಿದ್ದ ಮಾತ್ರೆಯನ್ನು ಅವಳ ಬಾಯಿಗೇ ಇಟ್ಟು ನೀರು ಕುಡಿಸಿದ.

"ನಿಜವಾಗ್ಲೂ ಬಂತಾ ರೀ?" ಎಂದು ಅವಳು ಪಿಸುಗುಟ್ಟಿದಳು.

"ಬಂದಾಯ್ತು ಕಣೇ. ಇನ್ನು ನೀನು ಕಾಯಬೇಡ, ಮಲ್ಕೋ."

ಅವಳು ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಚಾಪೆಯ ಮೇಲೆ ಉರುಳಿ, ಮದುವೆಯಾದಾಗಿನಿಂದ ಮೊದಲ ಸಲ, ಅವನಿಗೆ ಬೆನ್ನು ಹಾಕಿ ಮಲಗಿದಳು.